ಟಿಎಂಸಿ ಲೆಕ್ಕಕ್ಕೆ ಸಿಗದ ಹಿನ್ನೀರಿನ ಜೀವಲೋಕ

ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಸಮ್ಮತಿಸಿತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿನ ಪರಿಹಾರ ದರ ನಿಗದಿಪಡಿಸಿದ ಮೇಲೆ ವಿಷಯ ಮತ್ತೆ ಮುನ್ನೆಲೆಗೆ ಬಂದಿದೆ. ಆದರೆ ಚರ್ಚೆಯೆಲ್ಲ ಟಿಎಂಸಿ ಮತ್ತು ಎಕರೆಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ನಿಲ್ಲುವ ನೀರಿನ ಗುಣವೇನು ಎಂದು ಕೇಳುವವರು ವಿರಳ.

ಆ ಗುಣದ ಏರುಪೇರಿಗೆ ಎಲ್ಲಕ್ಕಿಂತ ಮೊದಲು ಸ್ಪಂದಿಸುವುದು ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯ ಹಾಗೂ ಪ್ರಾಣಿಗಳು. ಮಂಗಳೂರು, ಕಾರವಾರದ ಕಡಲಿನಲ್ಲಿ ಮುಂಗಾರೇ ಇವುಗಳ ಸುಗ್ಗಿ. ಆಳದ ತಂಪು ನೀರು ಪೋಷಕಾಂಶ ಹೊತ್ತು ಮೇಲೇರುತ್ತದೆ, ಡಯಾಟಮ್‌ಗಳು ಹುಲುಸಾಗುತ್ತವೆ, ಬೂತಾಯಿ ಮೀನಿಗೆ ಮೇವು ದೊರೆಯುತ್ತದೆ. ಬಯಲುಸೀಮೆಯ ಜಲಾಶಯಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಮಳೆಗಾಲದ ಕೆಂಪು ರಾಡಿ ನೀರಿನೊಳಗೆ ಬೆಳಕು ಇಳಿಯದು, ಹರಿವಿನ ರಭಸಕ್ಕೆ ಪ್ಲವಕಗಳು ಕೊಚ್ಚಿಹೋಗುತ್ತವೆ. ಹೂಳು ತಳಕ್ಕಿಳಿದು ನೀರು ತಿಳಿಯಾದ ಬಳಿಕ, ಚಳಿಗಾಲದಲ್ಲಿ ಡಯಾಟಮ್ ಮತ್ತು ಹಸಿರು ಪಾಚಿಗಳ ಸರದಿ. ಬೇಸಿಗೆಯಲ್ಲಿ ನೀರು ಕುಗ್ಗಿ ಕಾದಾಗ ನೀಲಿ-ಹಸಿರು ಪಾಚಿಯ ಕೈ ಮೇಲಾಗುತ್ತದೆ.

ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಕೃಷ್ಣೆ ಇದ್ದರೆ, ಇಂಡಿ, ಸಿಂದಗಿಯ ಕಡೆ ಭೀಮೆ. ಎರಡರ ಪಾಡು ಒಂದೇ ಅಲ್ಲ. ಪುಣೆ, ಪಿಂಪ್ರಿ-ಚಿಂಚವಾಡಗಳ ಕೊಳಚೆ ಮುಳಾ-ಮುಠಾ ನದಿಗಳ ಮೂಲಕ ಭೀಮೆ ಸೇರಿ ಉಜನಿ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಬಿಟ್ಟ ನೀರೇ ಸೊಲ್ಲಾಪುರ ಜಿಲ್ಲೆ ದಾಟಿ ಇತ್ತ ಹರಿಯುವುದು. ಬೇಸಿಗೆಯಲ್ಲಿ ಹರಿವು ನಿಂತು, ಬಾಂದಾರಗಳ ಹಿಂದೆ ಮಡುಗಟ್ಟಿದ ನೀರಿಗೆ ಸಾರಜನಕ, ರಂಜಕ ಮತ್ತು ಬಿಸಿಲು ಮೂರೂ ಕೂಡಿದರೆ ಪಾಚಿಗೆ ಇನ್ನೇನು ಬೇಕು?

ಅಪಾಯವಿರುವುದು ಇಲ್ಲೇ. ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ ಹಲವು ತಳಿಗಳು ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಉತ್ಪಾದಿಸುತ್ತವೆ. ನೀರು ಕುದಿಸಿದರೂ ಅದು ನಾಶವಾಗದು. ಮೈಲುತುತ್ತ ಹಾಕಿ ಪಾಚಿ ಕೊಂದರೆ ಜೀವಕೋಶ ಒಡೆದು ವಿಷ ನೀರಿಗೇ ಬಿಡುಗಡೆಯಾಗುತ್ತದೆ. ಮೈಕ್ರೋಸಿಸ್ಟಿನ್-ಎಲ್‌ಆರ್ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಬಳಕೆಗೆ ಹಾಕಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಫ್ಲೋರೈಡ್, ಗಡಸುತನದ ಪರೀಕ್ಷೆಯಲ್ಲಿ ಇದರ ಸುಳಿವೂ ಸಿಗದು. ಇನ್ನು ಮೀನುಗಾರರ ಪಾಲಿಗೂ ಕಷ್ಟವೇ: ಕಾಟ್ಲಾ ಮೀನು ಪ್ರಾಣಿ ಪ್ಲವಕಗಳನ್ನು ತಿಂದು ಬೆಳೆಯುವಂಥದ್ದು. ಪಾಚಿ ಅತಿಯಾದಲ್ಲಿ ನಸುಕಿನ ವೇಳೆಗೆ ಆಮ್ಲಜನಕ ಕುಸಿದು ಮೀನು ಸಾಯುತ್ತವೆ.

ಕೃಷ್ಣೆಯ ನೀರನ್ನು ಏತದ ಮೂಲಕ ಜಿಲ್ಲೆಯ ಕೆರೆಗಳಿಗೆ ತುಂಬಿಸಿದ್ದು ಬರದ ನಾಡಿಗೆ ನಿಜವಾದ ವರದಾನ. ಅದನ್ನು ಅಲ್ಲಗಳೆಯಲಾಗದು. ಆದರೆ ಆಳವಿಲ್ಲದ ಕೆರೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ನದಿಯ ನೀರಾಗಿ ಉಳಿಯುವುದಿಲ್ಲ. ಜಲಾಶಯದ ಮಟ್ಟ ಏರಿದಾಗಲೂ ಅಷ್ಟೇ. ಗೊಬ್ಬರ ಉಂಡ ಎರೆಭೂಮಿ ಮುಳುಗಿದ ಮೊದಲ ವರ್ಷಗಳಲ್ಲಿ ಪೋಷಕಾಂಶ ನೀರಿಗಿಳಿದು ಪ್ಲವಕ ಹೆಚ್ಚುತ್ತದೆ, ಮೀನಿನ ಇಳುವರಿಯೂ ಏರುತ್ತದೆ. ಬಳಿಕ ಎರಡೂ ಇಳಿಯುತ್ತವೆ. ಆ ಏರಿಳಿತವನ್ನು ಅಳೆಯಬೇಕಾದರೆ ಇಂದಿನ ಸ್ಥಿತಿಯ ದಾಖಲೆ ಕೈಯಲ್ಲಿರಬೇಕು. ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಮಾದರಿ ಸಂಗ್ರಹಿಸುವ ಕೆಲಸ ಗೇಟು ಏರುವ ಮುನ್ನವೇ ಆಗಬೇಕಿದೆ.