ಬಾಣಲೆಯ ಕೆಂಪು ಮತ್ತು ನಮ್ಮ ಹಲಾಲ್

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯಲ್ಲಿ, ಮಗ್ರಿಬ್ ನಮಾಝ್ ಮುಗಿಯುವ ಹೊತ್ತಿಗೆ ಕಬಾಬ್ ಗಾಡಿಗಳ ದೀಪಗಳು ಹೊತ್ತಿಕೊಳ್ಳುತ್ತವೆ. ಅಗಲವಾದ ತಟ್ಟೆಯಲ್ಲಿ ಮಸಾಲೆ ಹಚ್ಚಿದ ಕೋಳಿ ತುಂಡುಗಳ ರಾಶಿ. ರಸ್ತೆಯ ಆಚೆ ಬದಿಯಿಂದಲೇ ಕಣ್ಣಿಗೆ ರಾಚುವ ಕೆಂಪು. ಆ ಕೆಂಪು ಬರಿಯ ಮೆಣಸಿನಕಾಯಿಯದ್ದಲ್ಲವೆಂದು ಮಾರುವವನಿಗೆ ಗೊತ್ತು. ಸೋಪು ಹಾಕಿ ತೊಳೆದರೂ ಬೆರಳನ್ನು ಬಿಡದ ಬಣ್ಣವನ್ನು ಕಂಡಿರುವ ನಮಗೂ ಗೊತ್ತು. ಆದರೂ ಗಾಡಿಯ ನೆತ್ತಿಯ ಮೇಲೆ 'ಹಲಾಲ್' ಎಂಬ ಫಲಕವಿದ್ದರೆ ನಮ್ಮ ವಿಚಾರಣೆ ಅಲ್ಲಿಗೆ ಮುಗಿದುಹೋಗುತ್ತದೆ. ನಾವು ಇಲ್ಲಿ ಹೇಳಹೊರಟಿರುವುದು, ಫಲಕವನ್ನು ಕಂಡೊಡನೆ ಹೀಗೆ ನಿಂತುಹೋಗುವ ಆ ವಿಚಾರಣೆಯ ಕುರಿತು.

2024ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆಯು ಬೊಂಬಾಯಿ ಮಿಠಾಯಿ ಮತ್ತು ಗೋಬಿ ಮಂಚೂರಿಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದುಕೊಂಡಿದ್ದ ಗೋಬಿಯ 171 ಮಾದರಿಗಳಲ್ಲಿ ನೂರಕ್ಕೂ ಹೆಚ್ಚು, ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವೆಂದು ಕಂಡುಬಂದಿದ್ದವು. ಆಗ ನಮ್ಮಲ್ಲಿ ಅನೇಕರು, ಇದು ಚೈನೀಸ್ ಗಾಡಿಗಳ ಪಾಡು, ನಮ್ಮದಲ್ಲ ಎಂದುಕೊಂಡು ಸುಮ್ಮನಿದ್ದರು. ಮೂರು ತಿಂಗಳಾಗುವಷ್ಟರಲ್ಲಿ, ಅದೇ ವರ್ಷದ ಜೂನ್‌ನಲ್ಲಿ, ಸರದಿ ಕಬಾಬಿಗೂ ಬಂತು. ರಾಜ್ಯದ ವಿವಿಧೆಡೆಗಳಿಂದ ಸಂಗ್ರಹಿಸಿದ 39 ಕಬಾಬ್ ಮಾದರಿಗಳ ಪೈಕಿ 8ರಲ್ಲಿ ಕೃತಕ ಬಣ್ಣ ಸಿಕ್ಕಿತು. ಕೋಳಿ, ಮೀನು, ತರಕಾರಿ ಎಂಬ ಭೇದವಿಲ್ಲದೆ ಎಲ್ಲ ಕಬಾಬಿನಲ್ಲೂ ಬಣ್ಣ ನಿಷಿದ್ಧವೆಂದು ಆದೇಶವಾಯಿತು. ತಪ್ಪಿದರೆ ಸೆರೆಮನೆ ಮತ್ತು 10 ಲಕ್ಷ ರೂಪಾಯಿಗಳವರೆಗೆ ದಂಡ. ಆದೇಶ ಹೊರಟು ಕಾಲವಾಯಿತು. ತಟ್ಟೆಯ ಕೆಂಪು ಮಾತ್ರ ಮಾಸಿಲ್ಲ.

ಎಲ್ಲ ಬಣ್ಣವೂ ವಿಷವೆಂದು ಹೇಳಿದರೆ ಅದು ಸತ್ಯಕ್ಕೆ ದ್ರೋಹವಾದೀತು. ರೋಡಮಿನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಆಹಾರದಲ್ಲಿ ಅದಕ್ಕೆ ಯಾವ ಪ್ರಮಾಣದಲ್ಲೂ ಸ್ಥಾನವಿಲ್ಲ. ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್, ಟಾರ್ಟ್ರಾಜಿನ್‌ಗಳ ಮಾತು ಬೇರೆ. ನಮ್ಮ ದೇಶದ ಕಾನೂನು ಅನುಮತಿಸಿರುವ ಎಂಟು ಕೃತಕ ಬಣ್ಣಗಳಲ್ಲಿ ಇವೂ ಸೇರಿವೆ. ಆದರೆ ಆ ಅನುಮತಿ ಐಸ್‌ಕ್ರೀಂ, ಬಿಸ್ಕತ್ತು, ಕೆಲವು ಸಿಹಿತಿಂಡಿಗಳಂಥ ನಿರ್ದಿಷ್ಟ ಪದಾರ್ಥಗಳಿಗೆ, ಅದೂ ಅಳೆದು ತೂಗಿದ ಪ್ರಮಾಣಕ್ಕೆ ಮಾತ್ರ. ಗಾಡಿಯಲ್ಲಿ ತಕ್ಕಡಿಯಿಲ್ಲ, ಚಿಟಿಕೆಯೇ ಅಳತೆ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಂಥ ಬಣ್ಣಗಳನ್ನೂ ಸೋಡಿಯಂ ಬೆಂಜೊಯೇಟನ್ನೂ ಬೆರೆಸಿದ ಪಾನೀಯ ಕುಡಿದ ಮೂರು ವರ್ಷದ ಹಾಗೂ ಎಂಟು-ಒಂಬತ್ತು ವರ್ಷದ ಮಕ್ಕಳಲ್ಲಿ ಚಂಚಲತೆ ಹೆಚ್ಚಿದುದು ಕಂಡುಬಂದಿತು. ಪರಿಣಾಮ ಎಲ್ಲ ಮಕ್ಕಳಲ್ಲೂ ಒಂದೇ ಬಗೆಯದಾಗಿರಲಿಲ್ಲ. ಹಾಗಿದ್ದರೂ 2010ರಿಂದ ಯುರೋಪಿನಲ್ಲಿ ಆ ಬಣ್ಣಗಳಿರುವ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಸಾಲು ಕಡ್ಡಾಯವಾಯಿತು. ಸಂಜೆಯ ಗಾಡಿಯ ಮುಂದೆ ತಂದೆಯ ಬೆರಳು ಹಿಡಿದು ನಿಂತ ನಮ್ಮ ಮಗುವಿಗೆ ಕಾಗದದ ತಟ್ಟೆಯಲ್ಲಿ ಸಿಗುವ ಕಬಾಬಿನ ಮೇಲೆ ಅಂಥ ಯಾವ ಸಾಲೂ ಇರುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಬಣ್ಣವೇಕೆ? ಇದಕ್ಕೆ ಉತ್ತರ ರಸಾಯನಶಾಸ್ತ್ರದಲ್ಲಿಲ್ಲ. ಗಿರಾಕಿಯ ಮನಸ್ಸನ್ನು ಓದುವ ಶಾಸ್ತ್ರದಲ್ಲಿದೆ. ನಾಲಿಗೆಗಿಂತ ಮೊದಲು ಕಣ್ಣು ತಿನ್ನುತ್ತದೆಂಬುದನ್ನು ಈ ಕ್ಷೇತ್ರದ ವಿದ್ವಾಂಸರು ಹಲವು ಬಾರಿ ತೋರಿಸಿಕೊಟ್ಟಿದ್ದಾರೆ. 1980ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಚೆರ್ರಿ ಹಣ್ಣಿನ ರುಚಿಯ ಪಾನೀಯಕ್ಕೆ ಕಿತ್ತಳೆ ಬಣ್ಣ ಬೆರೆಸಿ ಕೊಟ್ಟಾಗ ಕುಡಿದವರಲ್ಲಿ ಹಲವರು ಅದನ್ನು ಕಿತ್ತಳೆಯೆಂದೇ ಹೇಳಿದರು. ನಮ್ಮ ಕಬಾಬಿನ ಕಥೆಯೂ ಅದೇ. ಖಾರವು ಕೆಂಪಾಗಿಯೇ ಇರಬೇಕು, ಕೆಂಪಿಲ್ಲದಿದ್ದರೆ ಮಸಾಲೆ ಹಿಡಿದಿಲ್ಲ ಎಂದು ಕಣ್ಣು ಮೊದಲೇ ತೀರ್ಪು ಬರೆದಿರುತ್ತದೆ.

ನಾವು ಬಲ್ಲ ಗಾಡಿಯವರೊಬ್ಬರು ನಿಷೇಧದ ಸುದ್ದಿ ಕೇಳಿ ಬಣ್ಣ ನಿಲ್ಲಿಸಿದ್ದರು. ಕಬಾಬು ಕಂದು ಬಣ್ಣಕ್ಕೆ ತಿರುಗಿತು; ರುಚಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಬಂದವರೆಲ್ಲ ಕೇಳುತ್ತಿದ್ದುದು ಒಂದೇ: "ಭಾಯ್, ನಿನ್ನೆಯದಾ ಇದು?" ಎರಡು ವಾರ ತಡೆದುಕೊಂಡರು. ಮೂರನೆಯ ವಾರ ಮತ್ತೆ ಕೆಂಪು ಬಂತು. "ನಾನು ಬಣ್ಣ ಮಾರೋದಿಲ್ಲ ಸಾಹೇಬ್ರೆ, ನೀವು ಬಣ್ಣ ಕೊಳ್ತೀರಿ" ಎಂದರು. ಕೇಳಿದವರಲ್ಲಿ ನಾವೂ ಇದ್ದೆವೆಂಬುದನ್ನು ಒಪ್ಪಿಕೊಳ್ಳಬೇಕು. ವಿಪರ್ಯಾಸವೆಂದರೆ, ಬಣ್ಣಕ್ಕೆಂದೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿ ನೆರೆಯ ಹಾವೇರಿ ಜಿಲ್ಲೆಯದು. ಖಾರ ಕಡಿಮೆ, ಕೆಂಪು ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ದೊರೆತಿದೆ. ಅದರಿಂದ ತೆಗೆದ ಬಣ್ಣದ ಸತ್ವ ಹೊರದೇಶಗಳಿಗೆ ಹೋಗುತ್ತದೆ. ಅದರ ಮಗ್ಗುಲಲ್ಲೇ ಇರುವ ನಾವು ಸಣ್ಣ ಡಬ್ಬಿಯ ಪುಡಿಗೆ ಕೈಚಾಚುತ್ತೇವೆ. ಬ್ಯಾಡಗಿಯ ಬೆಲೆ ಗಾಡಿಯವನಿಗೆ ಹೊರೆಯಾದೀತೆಂಬುದು ನಿಜ. ಆ ಹೊರೆಯಲ್ಲಿ ಪ್ಲೇಟಿಗೆ ಐದು ರೂಪಾಯಿ ನಾವು ಹೊರಬಾರದೇ?

ಹಲವು ಶಾಸ್ತ್ರಗಳು ಒಂದಾಗಿ ನೋಡಿದಾಗಲೇ ಕೇಡಿನ ಮೂಲ ಕಾಣುವುದೆಂಬ ಮಾತು ಈ ಸೀಮೆಗೆ ಹೊಸದಲ್ಲ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿರುವುದು ಆ ಕಾರಣಕ್ಕಾಗಿಯೇ. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಕಾಡಂಚಿನ ಜನ ಜ್ವರದಿಂದ ಮಲಗಿದರು. ಎರಡಕ್ಕೂ ನಂಟಿದೆಯೆಂದು ಜನ ಅದನ್ನು 'ಮಂಗನ ಕಾಯಿಲೆ' ಎಂದು ಕರೆದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದಾಗ ಮೊದಲು ಪೀತಜ್ವರದ ಶಂಕೆ. ಬಳಿಕ ಸತ್ತ ಮಂಗದಲ್ಲಿ ಹೊಸ ವೈರಸ್ ಸಿಕ್ಕಿತು. ಕೀಟಶಾಸ್ತ್ರಜ್ಞರು ತರಗೆಲೆಗಳ ನಡುವಿನ ಉಣ್ಣೆಗಳನ್ನು ಹೆಕ್ಕಿದರು. ಈ ವೈರಸ್ಸು ರಷ್ಯಾದ ಒಂದು ವೈರಸ್ಸಿಗೆ ಹತ್ತಿರದ್ದೆಂದು ತಿಳಿದಾಗ, ವಲಸೆ ಹಕ್ಕಿಗಳು ಹೊತ್ತು ತಂದವೇ ಎಂದು ಪಕ್ಷಿತಜ್ಞ ಸಲೀಂ ಅಲಿಯವರ ಬಳಗವೂ ಶೋಧನೆಯಲ್ಲಿ ಸೇರಿತು. ಕಾಡು ಕಡಿದ ಅಂಚು, ಅಲ್ಲಿ ಮೇಯುವ ದನ, ಸೌದೆಗೆ ಹೋಗುವ ಹೆಂಗಸು ಎಲ್ಲವೂ ಒಂದೇ ಚಿತ್ರದ ಭಾಗಗಳೆಂದು ತಿಳಿಯಲು ವರ್ಷಗಳೇ ಹಿಡಿದವು. ವೈದ್ಯನೊಬ್ಬನೇ ಇದ್ದಿದ್ದರೆ ಜ್ವರ ಮಾತ್ರ ಕಾಣುತ್ತಿತ್ತು. ಕಬಾಬಿನ ತಟ್ಟೆಯ ಮುಂದೆ ನಾವು ಕಳುಹಿಸುತ್ತಿರುವುದು ಇನ್‌ಸ್ಪೆಕ್ಟರ್ ಒಬ್ಬರನ್ನೇ. ಅವರಿಗೆ ಬಣ್ಣ ಕಾಣುತ್ತದೆ, ಅದನ್ನು ಬೇಡುವ ಕಣ್ಣು ಕಾಣುವುದಿಲ್ಲ.

ನಮ್ಮ ಧರ್ಮಗ್ರಂಥವು ಆಹಾರದ ವಿಷಯದಲ್ಲಿ 'ಹಲಾಲ್' ಎಂಬ ಪದದ ಜೊತೆಗೆ 'ತಯ್ಯಿಬ್' ಎಂಬ ಪದವನ್ನೂ ಇರಿಸಿದೆ. ಮೊದಲನೆಯದು ಧರ್ಮಬದ್ಧವಾದುದು, ಎರಡನೆಯದು ಶುದ್ಧವೂ ಹಿತಕರವೂ ಆದುದು. ಮೊದಲನೆಯದಕ್ಕೆ ನಾವು ಕಸಾಯಿಯನ್ನು ವಿಚಾರಿಸುತ್ತೇವೆ. ಎರಡನೆಯದನ್ನು ಯಾರಲ್ಲಿಯೂ ವಿಚಾರಿಸುವುದಿಲ್ಲ. ಪ್ರವಾದಿಯವರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಳಿಸಿದಾಗ ಬೆರಳುಗಳು ಒದ್ದೆಯಾದ ಪ್ರಸಂಗ ನಮ್ಮ ಮಕ್ಕಳಿಗೂ ಪಾಠವಾಗಿ ಗೊತ್ತು. ಮಳೆಗೆ ನೆಂದ ಧಾನ್ಯವನ್ನು ಕೊಳ್ಳುವವರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ವ್ಯಾಪಾರಿಯನ್ನು ಕೇಳಿದರು. ಧಾನ್ಯ ಹರಾಮಾಗಿರಲಿಲ್ಲ, ಮರೆಮಾಚಿದ್ದು ತಪ್ಪಾಗಿತ್ತು. ಕಬಾಬಿನ ಮೇಲಿನ ಬಣ್ಣವೂ ಅಂಥ ಒಣ ಪದರವೇ ಎಂದು ನಮಗೆ ತೋರುತ್ತದೆ. ಅದರ ಅಡಿಯಲ್ಲಿ ಮಾಂಸ ಇಂದಿನದೋ ನಿನ್ನೆಯದೋ, ಎಣ್ಣೆ ಎಷ್ಟನೆಯ ಸಲ ಕಾದದ್ದೋ ಕಣ್ಣಿಗೆ ಕಾಣದು. ಪದೇ ಪದೇ ಕಾಸಿದ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ. 25ನ್ನು ದಾಟಿದರೆ ಅದನ್ನು ಚೆಲ್ಲಬೇಕೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಹಿಂದಿನ ಮುಸ್ಲಿಂ ನಗರಗಳಲ್ಲಿ ಈ ಕೆಲಸಕ್ಕೆ 'ಮುಹ್ತಸಿಬ್' ಎಂಬ ಪೇಟೆಯ ಮೇಲ್ವಿಚಾರಕನಿದ್ದ. 12ನೆಯ ಶತಮಾನದ ಸಿರಿಯಾದಲ್ಲಿ ಅಶ್-ಶೈಝರಿ ಎಂಬವರು ಅವನಿಗಾಗಿ ಬರೆದ ಕೈಪಿಡಿಯಲ್ಲಿ ರೊಟ್ಟಿ ಸುಡುವವರು, ಮೀನು ಕರಿಯುವವರು, ಕಸಾಯಿಗಳು, ಅಡುಗೆಯವರು ಒಬ್ಬೊಬ್ಬರಿಗೂ ಪ್ರತ್ಯೇಕ ಅಧ್ಯಾಯಗಳಿವೆ. ಆ ಪರಂಪರೆಯ ವಾರಸುದಾರರಾದ ನಾವು ಇಂದು ಫಲಕ ಓದುವುದರಲ್ಲೇ ತೃಪ್ತರು.

ಈ ಮಾತನ್ನು ಬಹಿರಂಗವಾಗಿ ಆಡಬಾರದೆನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಅಂಜಿಕೆ ನಿರಾಧಾರವಲ್ಲ. 2022ರ ಯುಗಾದಿ ಹೊಸತೊಡಕಿನ ವೇಳೆಗೆ ಹಲಾಲ್ ಮಾಂಸ ಬಹಿಷ್ಕರಿಸಬೇಕೆಂಬ ಕರೆ ರಾಜ್ಯದಲ್ಲಿ ಎದ್ದಿತ್ತು. ಮುಸ್ಲಿಂ ವ್ಯಾಪಾರಿಗಳು ಆಹಾರವನ್ನು ಮಲಿನಗೊಳಿಸುತ್ತಾರೆಂಬ ಸುಳ್ಳು ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿವೆ. ಇಂಥ ಕಾಲದಲ್ಲಿ ನಮ್ಮದೇ ಗಾಡಿಯ ತಪ್ಪನ್ನು ನಾವೇ ಎತ್ತಿ ತೋರಿಸಬೇಕೇ ಎಂದು ಅವರು ಕೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ತೋರಿಸಲೇಬೇಕು. ವದಂತಿಗೆ ಮಾರುವವನ ಹೆಸರು ಬೇಕು. ಪ್ರಯೋಗಾಲಯಕ್ಕೆ ಬೇಕಾದುದು ಮಾದರಿ ಮಾತ್ರ. ಆ 39ರಲ್ಲಿ 8 ಎಂಬ ಲೆಕ್ಕದಲ್ಲಿ ಯಾರ ಜಾತಿಯೂ ಬರೆದಿಲ್ಲ. ಸುಳ್ಳು ಆರೋಪವನ್ನು ಎದೆಯೆತ್ತಿ ನಿರಾಕರಿಸುವ ಹಕ್ಕು, ನಿಜವಾದ ತಪ್ಪನ್ನು ತಾನಾಗಿಯೇ ತಿದ್ದಿಕೊಂಡವನಿಗೆ ಹೆಚ್ಚು ಸಲ್ಲುತ್ತದೆ. ಮೇಲಾಗಿ ಆ ಕೆಂಪು ತುಂಡನ್ನು ಎಲ್ಲರಿಗಿಂತ ಹೆಚ್ಚು ತಿನ್ನುತ್ತಿರುವವರು ನಮ್ಮ ಮಕ್ಕಳೇ.

ಜಮಾಅತ್ ಸಮಿತಿಗಳು ಮನಸ್ಸು ಮಾಡಿದರೆ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಇಫ್ತಾರ್ ಕೂಟಗಳಿಗೆ ಬಣ್ಣವಿಲ್ಲದ ತಿನಿಸನ್ನೇ ಹೇಳಿ ತರಿಸುವುದು. ಬಣ್ಣ ಬಿಟ್ಟ ಗಾಡಿಯವನ ಹೆಸರನ್ನು ಜುಮಾದ ನಂತರ ನಾಲ್ಕು ಜನರೆದುರು ಹೇಳುವುದು. ಅಂಗಡಿಯ ಗೋಡೆಯ ಮೇಲೆ ಆಹಾರ ಸುರಕ್ಷತೆಯ ಹದಿನಾಲ್ಕು ಅಂಕಿಯ ಸಂಖ್ಯೆಯಿದೆಯೇ ಎಂದು ನೋಡುವುದನ್ನು ಯುವಕರಿಗೆ ರೂಢಿ ಮಾಡಿಸುವುದು. ಆದರೆ ಗಾಡಿಗಿಂತ ಮೊದಲು ನಮ್ಮ ಮದುವೆ ಮನೆಗಳಿವೆ. ಮದುವೆಗೆ ವಾರ ಮುಂಚೆ ಬಾವರ್ಚಿ ಬಂದು ಕುಳಿತು ಸಾಮಾನಿನ ಚೀಟಿ ಹೇಳುತ್ತಾರೆ. ಮನೆಯ ಹಿರಿಯರು ಬರೆದುಕೊಳ್ಳುತ್ತಾರೆ. ಅಕ್ಕಿ ಇಷ್ಟು, ತುಪ್ಪ ಇಷ್ಟು, ಮಾಂಸ ಇಷ್ಟು, ಪುದೀನ, ಕೊತ್ತಂಬರಿ, ಲವಂಗ, ಏಲಕ್ಕಿ. ಕೊನೆಗೆ, ಬಿರಿಯಾನಿಗೂ ಜರ್ದಾಕ್ಕೂ ಸೇರಿ, "ಕಲರ್ ಎರಡು ಡಬ್ಬಿ." ಆ ಸಾಲನ್ನು ಬರೆದುಕೊಳ್ಳುವಾಗ ಕೈ ತಡೆದು, "ಅದು ಬೇಡ ಚಾಚಾ, ಬ್ಯಾಡಗಿ ಪುಡಿ ಅರ್ಧ ಕಿಲೋ ಜಾಸ್ತಿ ಬರೆಯೋಣ" ಎಂದವರನ್ನು ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ನಾವು ಇನ್ನೂ ಕಂಡಿಲ್ಲ. ಮುಂದಿನ ತಿಂಗಳು ನಮ್ಮ ಮನೆಯಲ್ಲೇ ಒಂದು ಮದುವೆಯಿದೆ. ಬಾವರ್ಚಿ ಈ ಭಾನುವಾರ ಬರುತ್ತಾರೆ.