ಅನುಭವ ಮಂಟಪದ ವಾರಸುದಾರರಿಗೆ ಗ್ರಾಮಸಭೆಯಲ್ಲಿ ಮೌನವೇಕೆ?



ನಮ್ಮ ಹಿರೇನಲ್ಲೂರು ಕಡೆ ಬಸವ ಜಯಂತಿ ಬಂತೆಂದರೆ ವೇದಿಕೆಯಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು. ಜೋರು ಚಪ್ಪಾಳೆಯೂ ಬೀಳುತ್ತದೆ. ಹಾಗೆ ಚಪ್ಪಾಳೆ ತಟ್ಟಿದ ನಮ್ಮಲ್ಲಿ ಹೆಚ್ಚಿನವರು ಗ್ರಾಮಸಭೆಗೆ ಹೋಗುವುದಿಲ್ಲ. ಹೋದರೂ ಬಾಯಿ ಬಿಡುವುದಿಲ್ಲ.

ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಹಲವು ದೇಶಗಳ ಐಬಿಎಂ ನೌಕರರಿಂದ ಉತ್ತರ ಪಡೆದು 1980ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬುದಕ್ಕೆ ಅವರು ಕೊಟ್ಟ ಅಂಕ ಭಾರತಕ್ಕೆ 77, ಸ್ವೀಡನ್ನಿಗೆ 31. ಕಂಪನಿ ನೌಕರರ ಉತ್ತರದಿಂದ ಇಡೀ ದೇಶವನ್ನು ಅಳೆಯಲಾಗದು, ನಿಜ. ಆದರೆ ಸಾಹೇಬರು ಕುರ್ಚಿಯಲ್ಲಿ, ರೈತ ಕೈಕಟ್ಟಿ ನಿಂತಲ್ಲಿ, ಈ ನೋಟವನ್ನು ನೌಕರಿಯುದ್ದಕ್ಕೂ ಕಂಡ ನನಗೆ ಆ ಅಂಕ ಉತ್ಪ್ರೇಕ್ಷೆ ಎನಿಸುವುದಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. ನಮ್ಮ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಸಭೆಗೆ ಹತ್ತರಲ್ಲೊಂದು ಪಾಲು ಅಥವಾ ನೂರು ಮತದಾರರು, ಯಾವುದು ಕಡಿಮೆಯೋ ಅಷ್ಟು ಜನರ ಕೋರಂ ಬೇಕು. ಅವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು. ಕಾನೂನು ಜನರನ್ನು ಸಭೆಗೆ ಕರೆಸಬಲ್ಲದು, ಮಾತನಾಡಿಸಲಾರದು.

ಹಾಗಾದರೆ ಇದು ನಮ್ಮ ದೇಶದ ಸಂಸ್ಕೃತಿ, ಬದಲಾಗದು ಎಂದು ಕೈಚೆಲ್ಲೋಣವೇ? ಹನ್ನೆರಡನೆಯ ಶತಮಾನದ ಸಮಾಜದಲ್ಲಿ ಮೇಲುಕೀಳು ಇಂದಿಗಿಂತ ಕಡಿಮೆಯೇನೂ ಇರಲಿಲ್ಲ. ಆದರೂ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನೇ ಆಯ್ದಕ್ಕಿ ಲಕ್ಕಮ್ಮ ಪ್ರಶ್ನಿಸಿದಳು. ಅಲ್ಲಮಪ್ರಭುವಿನೊಡನೆ ಮುಕ್ತಾಯಕ್ಕ ವಾದಕ್ಕೆ ನಿಂತಳು. ಇನ್ನು ನಮ್ಮ ಕಾಲದಲ್ಲಿ, ಪಕ್ಕದ ಕೇರಳ 1996ರಲ್ಲಿ ಜನಕೀಯ ಯೋಜನೆ ಆರಂಭಿಸಿ ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ತಮ್ಮ ಮಾತಿನಿಂದ ಕೆಲಸವಾಗುತ್ತದೆಂದು ಕಂಡಾಗ ಜನ ಮಾತನಾಡಿದರು. ಅದೂ ಇದೇ ದೇಶವಲ್ಲವೇ?

ಮೌನದ ಬೆಲೆ ಸಣ್ಣದಲ್ಲ. ಕಡೂರಿನ ಬಯಲಲ್ಲಿ ಕೆರೆಯೇ ಬದುಕು. ತೂಬು ಎಲ್ಲಿ ಸೋರುತ್ತದೆ, ಯಾವ ಕಾಲುವೆಗೆ ನೀರು ಏರುವುದಿಲ್ಲ ಎಂಬುದು ನೀರುಗಂಟಿಗೂ ಕೊನೆಯ ಹೊಲದ ಹೆಣ್ಣುಮಗಳಿಗೂ ಗೊತ್ತು. ಅವರು ಸುಮ್ಮನಿದ್ದರೆ ಅಂದಾಜುಪಟ್ಟಿ ಕಚೇರಿಯಲ್ಲೇ ತಯಾರಾಗುತ್ತದೆ, ಹಣ ಏರಿಯ ಮೇಲಿನ ಕಾಂಕ್ರೀಟಿಗೆ ಹೋಗುತ್ತದೆ, ತೂಬು ಸೋರುತ್ತಲೇ ಇರುತ್ತದೆ.

ಇಲ್ಲಿ ಮಠಗಳ ಕೆಲಸವಿದೆ. ನಮ್ಮ ಶಿವಾನುಭವ ಗೋಷ್ಠಿಗಳಲ್ಲಿ ಪೂಜ್ಯರು ಮಾತನಾಡುತ್ತಾರೆ, ಅತಿಥಿಗಳು ಮಾತನಾಡುತ್ತಾರೆ, ವಂದನಾರ್ಪಣೆಯಾಗುತ್ತದೆ. ಪ್ರಶ್ನೆಗೆ ಜಾಗವೆಲ್ಲಿ? ಮಠದಲ್ಲಿ ಪ್ರಶ್ನೆ ಕೇಳಿ ರೂಢಿಯಿಲ್ಲದವನು ತಹಶೀಲ್ದಾರರ ಮುಂದೆ ಕೇಳುತ್ತಾನೆಯೇ? ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಪ್ರತಿ ಗೋಷ್ಠಿಯಲ್ಲಿ ಅರ್ಧ ಗಂಟೆ ಪ್ರಶ್ನೆಗೆ ಮೀಸಲಿಡಿ, ಮೊದಲ ಪ್ರಶ್ನೆ ತಾಯಂದಿರದಾಗಲಿ. ಗ್ರಾಮಸಭೆಯ ದಿನಾಂಕವನ್ನು ಆಶೀರ್ವಚನದಲ್ಲೇ ತಿಳಿಸಿ. ಭಕ್ತರೂ ಬರಿಗೈಯಲ್ಲಿ ಹೋಗದೆ ಹಿಂದಿನ ಸಭೆಯ ನಡಾವಳಿಯ ಪ್ರತಿ ಹಿಡಿದು ಹೋಗಲಿ. ಆದದ್ದೆಷ್ಟು, ಆಗದ್ದೆಷ್ಟು ಎಂದು ಕೇಳಲಿ.

ಗುರುಹಿರಿಯರಿಗೆ ಗೌರವ ಕೊಡುವುದು ಬೇರೆ, ಅವರೆದುರು ಬಾಯಿ ಕಟ್ಟಿಕೊಳ್ಳುವುದು ಬೇರೆ. ಬಸವಣ್ಣನವರು ನಮ್ಮಿಂದ ಕೇಳಿದ್ದು ಮೊದಲನೆಯದನ್ನು ಮಾತ್ರ.