‘ಮೀಡಿಯಂ’ ಎಂಬ ಪದ

ಅವಲಪಲ್ಲಿಯ ಬೀದಿಯಲ್ಲಿ ಶಾಲೆಯ ಮಗುವನ್ನು ಕಂಡವರು ಕೇಳುವುದು, “ಯಾವ ಮೀಡಿಯಂ?” ಎಂದೇ. ಆ ಪ್ರಶ್ನೆಯೊಳಗೆ ಅಂತಸ್ತಿನ ಅಳತೆಯೂ ಅಡಗಿರುತ್ತದೆ.

ಲ್ಯಾಟಿನ್ನಿನಲ್ಲಿ ‘ನಡು’ ಎಂಬರ್ಥದ ಮೂಲದಿಂದ ಹುಟ್ಟಿದ ಈ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥಗಳು ಹಲವು. ಬಟ್ಟೆಯಂಗಡಿಯಲ್ಲಿ ಅದು ಅಂಗಿಯ ನಡುಗಾತ್ರ. ಕ್ರಿಕೆಟ್ಟಿನಲ್ಲಿ ಚೆಂಡಿನ ನಡುವೇಗ. ಚಿತ್ರಕಾರನಿಗೆ ಬಣ್ಣ ಕಲಸುವ ಎಣ್ಣೆ. ವಿಜ್ಞಾನದಲ್ಲಿ ಶಬ್ದವನ್ನು ಸಾಗಿಸುವ ಗಾಳಿ. ಪ್ರೇತಗಳೊಡನೆ ಮಾತನಾಡುವೆನೆನ್ನುವವನೂ ಮೀಡಿಯಮ್ಮೇ! ಪತ್ರಿಕೆ, ದೂರದರ್ಶನಗಳನ್ನು ಸೂಚಿಸುವ ‘ಮೀಡಿಯಾ’ ಇದರ ಬಹುವಚನ.

ಶಾಲೆಗೆ ಒಪ್ಪುವ ಅರ್ಥ ಯಾವುದು? ನಾವು ಅದನ್ನು ಅಂಗಿಯ ಅಳತೆಯಂತೆ ಭಾವಿಸಿ, ಮಗುವಿಗೆ ದೊಡ್ಡದನ್ನೇ ತೊಡಿಸಲು ಹಂಬಲಿಸುತ್ತೇವೆ. ನನ್ನ ಮತದಲ್ಲಿ ವಿಜ್ಞಾನದ ಅರ್ಥವೇ ಸರಿ. ಗಾಳಿಯಿಲ್ಲದೆಡೆ ಗಂಟೆ ಬಾರಿಸಿದರೂ ಕೇಳಿಸದು. ಎಳೆಯ ಮಗುವಿಗೆ ತಿಳಿಯದ ನುಡಿಯಲ್ಲಿ ಹೇಳಿದ ಪಾಠವೂ ಹಾಗೆಯೇ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ಒದಗಿಸಲು ಯತ್ನಿಸುವಂತೆ ರಾಜ್ಯಗಳಿಗೆ ತಿಳಿಸಿರುವುದು ಇದೇ ಕಾರಣಕ್ಕೆ.

2006ರ ಕಾಯಿದೆಯು ತಮಿಳುನಾಡಿನ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಬಾಳುವ ನಾಡಿನ ನುಡಿಯನ್ನು ನಮ್ಮ ಮಕ್ಕಳು ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಕನ್ನಡದಲ್ಲೇ ಮೆಟ್ರಿಕ್ ಮುಗಿಸಿದ ನಾನು ನಿಘಂಟು ಹಿಡಿದು ಇಂಗ್ಲಿಷ್ ಕಲಿತವನು. ಆದರೆ ಭಾಷೆಯನ್ನು ಕಲಿಯುವುದು ಬೇರೆ, ಭಾಷೆಯ ಮೂಲಕ ಕಲಿಯುವುದು ಬೇರೆ.

ಹಳೆಯ ವಿದ್ಯಾರ್ಥಿ ಮಿತ್ರರೇ, ಸುವರ್ಣ ಮಹೋತ್ಸವದ ವೇದಿಕೆಯ ಹೂಮಾಲೆಗಳು ಸಂಜೆಗೆ ಬಾಡುತ್ತವೆ. ಒಂದನೆಯ ತರಗತಿಯ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಮನೆಯ ಮಗುವಿನ ಹೆಸರೊಂದು ಸೇರಿದರೆ, ಶಾಲೆಗೆ ಅದಕ್ಕಿಂತ ದೊಡ್ಡ ಕಾಣಿಕೆಯಿಲ್ಲ.